ಕಾರಿನ ಬಿಡಿಭಾಗ: ಊರಂಗಡಿಯೋ, ಪರದೇಶವೋ?

ಕಾರು ಕೊಳ್ಳುವುದು ಒಂದು ದಿನದ ಕೆಲಸ; ಕೊಂಡ ಕಾರನ್ನು ಸಾಕುವುದು ಹತ್ತು ಹದಿನೈದು ವರ್ಷಗಳ ಕೆಲಸ. ಕೊಳ್ಳುವ ದಿನ ಗಾಡಿಗೆ ಹೂವಿನ ಹಾರ ಹಾಕಿ, ಚಕ್ರದಡಿಗೆ ನಿಂಬೆಹಣ್ಣಿಟ್ಟು, ಪೇಢೆ ಹಂಚಿ ಬಂಧುಬಳಗವೆಲ್ಲ ಸಂಭ್ರಮಪಡುತ್ತದೆ. ಸಾಕುವ ಕಾಲಕ್ಕೆ ಒಡೆಯನು ಒಬ್ಬಂಟಿಗ. ಬ್ರೇಕು ಸವೆಯುತ್ತದೆ, ಕ್ಲಚ್ಚು ಜಾರುತ್ತದೆ, ನಮ್ಮ ಭಾಗದ ಬೇಸಿಗೆಗೆ ರೇಡಿಯೇಟರಿನ ರಬ್ಬರು ಕೊಳವೆ ಬಿರಿಯುತ್ತದೆ. ಮೋಟಾರು ಗಾಡಿಯೆಂದರೆ ಸಾವಿರಾರು ಬಿಡಿಭಾಗಗಳ ಕೂಡುಕುಟುಂಬ. ಅದರಲ್ಲಿ ಒಬ್ಬರು ಮುನಿಸಿಕೊಂಡರೂ ಇಡೀ ಮನೆಯ ಕೆಲಸ ನಿಲ್ಲುತ್ತದೆ. ಆಗ ಆ ಒಂದು ಭಾಗವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ಮೊದಲು ಒಂದೇ ಉತ್ತರವಿತ್ತು: ಊರಿನ ಅಂಗಡಿ, ಅಲ್ಲಿಲ್ಲದಿದ್ದರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದು. ಈಗ ಅಂಗೈಯೊಳಗಿನ ಮೊಬೈಲಿನಲ್ಲಿಯೇ ಜರ್ಮನಿಯ ಅಂಗಡಿಯೂ ಇದೆ, ಚೀನದ ಅಂಗಡಿಯೂ ಇದೆ, ಅಮೆರಿಕದ ಗುಜರಿಯೂ ಇದೆ. ರಾತ್ರಿ ಊಟವಾದ ಮೇಲೆ ಮಂಚದ ಮೇಲೆ ಕುಳಿತು ಬೆರಳೊತ್ತಿದರೆ ಸಾಮಾನು ಸಮುದ್ರ ದಾಟಿ ಹೊರಡುತ್ತದೆ. ಊರಂಗಡಿಯವನು ಮೂರು ಸಾವಿರ ಹೇಳಿದ ವಸ್ತುವಿಗೆ ಅಲ್ಲಿ ಸಾವಿರದ ಎಂಟು ನೂರು ಎಂದು ಬರೆದಿರುತ್ತದೆ. ಯಾರ ಮನಸ್ಸು ತಾನೆ ಅತ್ತ ವಾಲದು? ಈ ಎರಡು ದಾರಿಗಳ ಗುಣದೋಷಗಳನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದು ಈ ಮಾತುಗಳು.

ನಮ್ಮಲ್ಲಿ ಕಾರಿಲ್ಲವಲ್ಲ, ನಮಗೇಕೆ ಈ ಚರ್ಚೆ ಎಂದು ಯಾರೂ ರೇಡಿಯೊ ಆರಿಸಬೇಕಾಗಿಲ್ಲ. ಕಾರಿಲ್ಲದವರೂ ಆಟೊ ಏರುತ್ತಾರೆ, ಮದುವೆಗೆ ಜೀಪು ಹಿಡಿಯುತ್ತಾರೆ, ಮಕ್ಕಳನ್ನು ಶಾಲೆಯ ವ್ಯಾನಿನಲ್ಲಿ ಕಳುಹಿಸುತ್ತಾರೆ. ಆ ಗಾಡಿಗಳ ಬ್ರೇಕು ಎಲ್ಲಿಂದ ಬಂತೆಂಬುದು ಅವರಿಗೂ ಸಂಬಂಧಿಸಿದ ಮಾತೇ. ಅಲ್ಲದೆ ಹೊಲಿಗೆ ಯಂತ್ರಕ್ಕೂ ಮಿಕ್ಸರಿಗೂ ನೀರೆತ್ತುವ ಪಂಪಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ನಾನಿರುವುದು ಕಲಬುರಗಿಯ ರೋಜಾದಲ್ಲಿ. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾದ ಆಸುಪಾಸಿನ ಬಡಾವಣೆಯಿದು. ಹೆಸರು ಪಾರಸಿಯ ರೌಜಾ ಎಂಬ ಶಬ್ದದಿಂದ ಬಂದದ್ದು. ಸಂತರ ಸಮಾಧಿಯಿರುವ ಸ್ಥಳವೆಂದು ಅರ್ಥ. ಉರುಸಿನ ದಿನಗಳಲ್ಲಿ ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳ ಗಾಡಿಗಳು ಇಲ್ಲಿ ಸಾಲುಗಟ್ಟುತ್ತವೆ. ದೂರದಿಂದ ಓಡಿ ಬಂದ ಗಾಡಿಗಳಲ್ಲಿ ಒಂದೆರಡು ಕೆಡುವುದು ಸಹಜ. ಪರವೂರಿನಲ್ಲಿ ಕುಟುಂಬ ಸಮೇತ ನಿಂತವನಿಗೆ ಬೇಕಾದದ್ದು ಲೋಕದಲ್ಲೇ ಅಗ್ಗದ ಸಾಮಾನಲ್ಲ. ಇಂದು ಸಂಜೆಯೊಳಗೆ ಕೈಸೇರುವ ಸಾಮಾನು. ಬಿಡಿಭಾಗದ ವ್ಯಾಪಾರದಲ್ಲಿ ಹೊತ್ತಿಗೂ ಬೆಲೆಯುಂಟೆಂಬುದನ್ನು ಇಂಥ ಕಡೆ ನಿಂತು ನೋಡಿದರೆ ತಿಳಿಯುತ್ತದೆ.

ಪರದೇಶದಿಂದ ಬಿಡಿಭಾಗ ತರಿಸುವುದು ಹೊಸ ಸಂಗತಿಯೇನೂ ಅಲ್ಲ. ಮೋಟಾರು ಗಾಡಿ ನಮ್ಮ ನಾಡಿಗೆ ಬಂದಾಗ ಅದರ ಒಂದೊಂದು ತಿರುಪೂ ಪರದೇಶದ್ದೇ. ನಮ್ಮ ಊರು ಗುಲಬರ್ಗವೆಂಬ ಹೆಸರಿನಿಂದ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1932ರಲ್ಲಿ, ಆ ಸಂಸ್ಥಾನದ ರೈಲ್ವೆಯವರು 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿದರು. ಅಂದಿನ ಆಲ್ಬಿಯನ್ ಬಸ್ಸುಗಳು ಸ್ಕಾಟ್ಲೆಂಡಿನ ಕಂಪೆನಿಯವು. ಒಂದು ಭಾಗ ಮುರಿದರೆ ಅದರ ಜೋಡಿ ಹಡಗಿನಲ್ಲಿ ಬರಬೇಕು. ಹಡಗನ್ನು ಕಾಯುತ್ತ ಕುಳಿತುಕೊಳ್ಳಲಾಗದ ಕಡೆ ಕಮ್ಮಾರನ ಕುಲುಮೆಯೂ ಖರಾದಿನ ಯಂತ್ರವೂ ದಿಕ್ಕು.

ಸ್ವಾತಂತ್ರ್ಯಾನಂತರ ಸರಕಾರ ಬೇರೊಂದು ದಾರಿ ಹಿಡಿಯಿತು. ಇಲ್ಲಿ ಬರಿಯ ಜೋಡಣೆ ಮಾಡುವವರು ಬೇಡ, ಭಾಗಗಳನ್ನು ಇಲ್ಲಿಯೇ ತಯಾರಿಸುವವರು ಬೇಕು ಎಂಬುದು 1953ರ ಸುಂಕ ಆಯೋಗದ ಸಲಹೆಯ ತಿರುಳು. ಜೋಡಣೆಯನ್ನಷ್ಟೇ ಮಾಡುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪೆನಿಗಳು ಆಗ ಕಾಲ್ತೆಗೆದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಕಲ್ಕತ್ತದ ಬಳಿಯ ಉತ್ತರಪಾರದಲ್ಲಿ ಅಂಬಾಸಡರ್ ಹುಟ್ಟಿತು. ಇಟಲಿಯ ಫಿಯಟ್ 1100 ಗಾಡಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿಯೆಂಬ ರಾಣಿಯ ಹೆಸರನ್ನು ಪಡೆಯಿತು. ಆಮದಿಗೆ ಪರವಾನೆ ಬೇಕಾಗಿದ್ದ ಆ ದಿನಗಳಲ್ಲಿ ಸಾಮಾನ್ಯ ಗೃಹಸ್ಥನು ಪರದೇಶದ ಬಿಡಿಭಾಗದ ಕನಸನ್ನೂ ಕಾಣುವಂತಿರಲಿಲ್ಲ. ಆ ಕೊರತೆಯೇ ನಮ್ಮ ಮಿಸ್ತ್ರಿಗಳಿಗೆ ಗುರುವಾಯಿತು. ಸವೆದ ಬ್ರೇಕಿನ ಬೂಟಿಗೆ ಹೊಸ ಪಟ್ಟಿ ಬಡಿಯುವುದು, ಸುಟ್ಟ ಡೈನಮೊಕ್ಕೆ ತಂತಿ ಸುತ್ತುವುದು, ಮುರಿದ ಹಿಡಿಕೆಗೆ ಹಿತ್ತಾಳೆಯಲ್ಲಿ ಎರಕ ಹೊಯ್ಯುವುದು, ಇವೆಲ್ಲ ಶಾಲೆಯಿಲ್ಲದೆ ಉಸ್ತಾದರಿಂದ ಶಿಷ್ಯರಿಗೆ ಇಳಿದು ಬಂದ ವಿದ್ಯೆಗಳು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1991ರ ಆರ್ಥಿಕ ನೀತಿ ಬಾಗಿಲು ತೆರೆಯಿತು. 2001ರ ಏಪ್ರಿಲಿನಲ್ಲಿ ಆಮದಿನ ಮೇಲೆ ಉಳಿದಿದ್ದ ಪರಿಮಾಣದ ಕಟ್ಟುಗಳು ಬಹುಮಟ್ಟಿಗೆ ಸಡಿಲವಾದವು. ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಹೀಗೆ ಒಂದು ಸುತ್ತು ಮುಗಿದಂತಾಗಿದೆ. ಮೊದಲು ಪರದೇಶದ ಸಾಮಾನಲ್ಲದೆ ಬೇರೆ ಗತಿಯಿರಲಿಲ್ಲ. ಆಮೇಲೆ ಪರದೇಶದ್ದನ್ನು ತರಿಸುವ ಮಾರ್ಗವಿರಲಿಲ್ಲ. ಈಗ ಎರಡೂ ಉಂಟು. ಆಯ್ಕೆ ಇಲ್ಲದವನಿಗೆ ವಿವೇಚನೆಯ ಕಷ್ಟವಿಲ್ಲ. ನಮಗೆ ಆಯ್ಕೆ ಬಂದಿರುವುದರಿಂದ ವಿವೇಚನೆಯೂ ಬೇಕಾಗಿದೆ.

ವಿವೇಚನೆಗೆ ತೊಡಗುವ ಮೊದಲು ದೇಶಿ, ಪರದೇಶಿ ಎಂಬ ಮಾತುಗಳನ್ನೇ ಸ್ವಲ್ಪ ಒರೆಗೆ ಹಚ್ಚೋಣ. ಮೈಕೋ ಎಂಬ ಹೆಸರು ಹಿರಿಯರಿಗೆಲ್ಲ ಗೊತ್ತು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯ ಕಿರುಹೆಸರದು. ಮೂಲ ಜರ್ಮನಿಯ ಬಾಷ್. ಆದರೆ ಅದರ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ದಶಕಗಳ ಕಾಲ ಬೆಂಗಳೂರಿನ ಆಡುಗೋಡಿಯಲ್ಲಿ ಕನ್ನಡ ಮಾತನಾಡುವ ಕೈಗಳಿಂದ ತಯಾರಾದವು. 2008ರಲ್ಲಿ ಕಂಪೆನಿಯ ಹೆಸರೇ ಬಾಷ್ ಎಂದಾಯಿತು. ಅದು ನಮ್ಮದೋ ಅವರದೋ? ಇತ್ತ ಪರದೇಶದ ಅಂಗಡಿಯಿಂದ ತರಿಸಿದ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗಿನ ವಸ್ತುವಿನ ಮೇಲೆ ‘ಭಾರತದಲ್ಲಿ ತಯಾರಾದದ್ದು’ ಎಂಬ ಮುದ್ರೆ ಇರುವುದೂ ಉಂಟು. ಪುಣೆಯಲ್ಲಿಯೋ ಚೆನ್ನೈಯಲ್ಲಿಯೋ ಹುಟ್ಟಿ, ಸಮುದ್ರ ದಾಟಿ, ಮರಳಿ ಕಲಬುರಗಿಗೆ ಬಂದ ಸರಕಿಗೆ ನಾವು ಎರಡು ಸಲ ಕೂಲಿ ಕೊಟ್ಟಂತಾಯಿತು. ಆದಕಾರಣ ಪರದೇಶದ್ದೆಲ್ಲ ಗಟ್ಟಿ, ಊರಿನದೆಲ್ಲ ಲೊಟ್ಟೆ ಎಂಬ ಭ್ರಮೆಯೂ ಬೇಡ. ಪರದೇಶದ್ದನ್ನು ಮುಟ್ಟಲೇಬಾರದೆಂಬ ಮಡಿಯೂ ಬೇಡ. ಅಂತರಜಾಲದಲ್ಲಿ ಮಾರುವವರು ಸರಕು ಹುಟ್ಟಿದ ದೇಶದ ಹೆಸರನ್ನು ತಿಳಿಸಲೇಬೇಕೆಂದು ಭಾರತದ 2020ರ ನಿಯಮಗಳು ಹೇಳುತ್ತವೆ. ಕೊಳ್ಳುವ ಮುನ್ನ ಆ ಸಾಲನ್ನು ಹುಡುಕಿ ಓದುವುದು ಒಳ್ಳೆಯದು.

ಪರದೇಶದ ಅಂಗಡಿಯ ಪಕ್ಷದಲ್ಲಿ ಹೇಳಬೇಕಾದ ಮಾತುಗಳು ಇಲ್ಲದಿಲ್ಲ. ತಯಾರಿಕೆ ನಿಂತುಹೋದ ಹಳೆಯ ಗಾಡಿಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರಿಗೆ ಅದು ವರವೇ ಸರಿ. ನಮ್ಮ ಓಣಿಯ ನಿವೃತ್ತ ವಕೀಲರೊಬ್ಬರಲ್ಲಿ ಒಂದು ಪದ್ಮಿನಿ ಇದೆ. ಅದರ ಮುಂದಿನ ಗಾಜಿನ ಸುತ್ತಣ ರಬ್ಬರು ಒಣಗಿ ಸೀಳಿತ್ತು. ಊರಿನಲ್ಲಿ ಸಿಗಲಿಲ್ಲ, ಮುಂಬಯಿಯಲ್ಲಿ ಸಿಕ್ಕಿದ್ದು ಒಂದೇ ಮಳೆಗಾಲಕ್ಕೆ ಬಿರುಕುಬಿಟ್ಟಿತು. ಇಟಲಿಯಲ್ಲಿ ಫಿಯಟ್ 1100 ಗಾಡಿಯನ್ನು ಪ್ರೀತಿಸುವವರು ಇಂದಿಗೂ ಇದ್ದಾರೆ. ಅವರಿಗಾಗಿ ಅಂಥ ರಬ್ಬರನ್ನು ಹೊಸದಾಗಿ ಮಾಡುವವರೂ ಇದ್ದಾರೆ. ಅಲ್ಲಿಂದ ತರಿಸಿದ ಪಟ್ಟಿ ಅಳತೆಗೆ ಸರಿಯಾಗಿ ಕುಳಿತು, ಈಗ ಮೂರು ಮಳೆಗಾಲ ಕಂಡಿದೆ. ಇಂಥ ಕಡೆ ಊರಂಗಡಿಯನ್ನು ದೂರಿ ಪ್ರಯೋಜನವಿಲ್ಲ. ವರ್ಷಕ್ಕೊಬ್ಬ ಕೇಳುವ ವಸ್ತುವನ್ನು ಯಾವ ಅಂಗಡಿಯವನೂ ಕಪಾಟಿನಲ್ಲಿಟ್ಟು ಬಂಡವಾಳ ಕೊಳೆಸಲಾರ.

ಇನ್ನೊಂದು ಉಪಕಾರವೂ ಇದೆ. ಪರದೇಶದ ಒಳ್ಳೆಯ ಅಂಗಡಿಗಳವರು ಪ್ರತಿ ಭಾಗಕ್ಕೂ ಚಿತ್ರ, ಅಳತೆ, ಸಂಖ್ಯೆಗಳನ್ನು ಕೊಟ್ಟಿರುತ್ತಾರೆ. ಕೊಳ್ಳದಿದ್ದರೂ ಅದನ್ನು ನೋಡಿ ಕಲಿಯಬಹುದು. ಭಾಗದ ಹೆಸರನ್ನೂ ಸಂಖ್ಯೆಯನ್ನೂ ತಿಳಿದು ಅಂಗಡಿಗೆ ಹೋಗುವ ಗಿರಾಕಿಗೆ ಯಾರೂ ಸುಲಭವಾಗಿ ಟೋಪಿ ಹಾಕಲಾರರು.

ಇನ್ನು ಕಷ್ಟಗಳು. ಮೊದಲನೆಯದು ಹೊಂದಿಕೆಯದು. ಕನ್ನಡ ಪಾಠ ಹೇಳುವವನಾದ್ದರಿಂದ ವ್ಯಾಕರಣದ ದೃಷ್ಟಾಂತವನ್ನೇ ಕೊಡುತ್ತೇನೆ. ‘ಹೊಲ’ ಎಂಬ ಶಬ್ದಕ್ಕೆ ‘ಅನ್ನು’ ಪ್ರತ್ಯಯ ಸೇರಿದರೆ ನಡುವೆ ವಕಾರ ಬಂದು ‘ಹೊಲವನ್ನು’ ಎಂದಾಗುತ್ತದೆ. ‘ಮನೆ’ ಎಂಬುದಕ್ಕೆ ಅದೇ ಪ್ರತ್ಯಯ ಸೇರಿದರೆ ಯಕಾರ ಬಂದು ‘ಮನೆಯನ್ನು’ ಎಂದಾಗುತ್ತದೆ. ಪ್ರತ್ಯಯ ಒಂದೇ, ಆದರೆ ಶಬ್ದದ ಕೊನೆಯ ಸ್ವರವನ್ನು ನೋಡಿಯೇ ಸಂಧಿ ಮಾಡಬೇಕು. ಬಿಡಿಭಾಗವೂ ಹಾಗೆಯೇ. ನಮ್ಮಲ್ಲಿ ಸ್ಯಾಂಟ್ರೊ ಎಂದು ಓಡಿದ ಗಾಡಿ ಹೊರದೇಶಗಳಲ್ಲಿ ಆಟೊಸ್ ಆಗಿತ್ತು. ನಮ್ಮ ರಿಟ್ಜ್ ಯೂರೋಪಿನಲ್ಲಿ ಸ್ಪ್ಲ್ಯಾಶ್ ಆಗಿತ್ತು. ಹೆಸರು ಬೇರೆಯಾಗಿ ಭಾಗ ಒಂದೇ ಇರಬಹುದು. ಹೆಸರು ಒಂದೇ ಆಗಿ ಭಾಗ ಬೇರೆ ಇರಬಹುದು. ಒಂದೇ ಮಾದರಿಯಲ್ಲಿಯೂ ಈ ವರ್ಷದ್ದು ಮರುವರ್ಷದ್ದಕ್ಕೆ ಕೂಡದೆ ಹೋಗಬಹುದು. ಇದಕ್ಕಾಗಿಯೇ ಈಗಿನ ಗಾಡಿಗಳಿಗೆ 17 ಅಕ್ಷರ ಮತ್ತು ಅಂಕೆಗಳ ಒಂದು ಚಾಸಿ ಸಂಖ್ಯೆ ಇರುತ್ತದೆ. ಗಾಡಿಯ ಜಾತಕವೇ ಅದು. ಆ ಸಂಖ್ಯೆಯನ್ನು ಕೇಳದೆ ಸಾಮಾನು ಕೊಡಲು ಮುಂದಾಗುವ ಅಂಗಡಿ ಊರಿನದಾಗಲಿ, ಪರದೇಶದ್ದಾಗಲಿ, ಸ್ವಲ್ಪ ಜಾಗರೂಕರಾಗಿರಿ.

ಹೊಂದಿಕೆಯ ವಿಷಯದಲ್ಲಿ ಬಹುಜನರ ಗಮನಕ್ಕೆ ಬಾರದ ಒಂದು ಅಪಾಯವಿದೆ. ನಾವು ರಸ್ತೆಯ ಎಡಮಗ್ಗುಲಲ್ಲಿ ಹೋಗುವವರು. ಅಮೆರಿಕ ಮತ್ತು ಯೂರೋಪಿನ ಬಹುಭಾಗದವರು ಬಲಮಗ್ಗುಲಲ್ಲಿ ಹೋಗುವವರು. ಹೆಡ್‌ಲೈಟನ್ನು ತಗ್ಗಿಸಿದಾಗ ಬೆಳಕು ನಮ್ಮಲ್ಲಿ ಎಡ ಅಂಚಿನ ಕಡೆ ತುಸು ಮೇಲಕ್ಕೆ ಚಾಚುವಂತೆ ಗಾಜನ್ನು ರೂಪಿಸಿರುತ್ತಾರೆ. ಅವರಲ್ಲಿ ಬಲ ಅಂಚಿನ ಕಡೆಗೆ. ತರುಣನೊಬ್ಬ ಅಂದವಾಗಿದೆಯೆಂದು ಅಲ್ಲಿಂದ ಒಂದು ಜೊತೆ ಹೆಡ್‌ಲೈಟು ತರಿಸಿದ. ಗಾಡಿಗೆ ಅಳತೆ ಸರಿಹೋಯಿತು, ನೋಡಿದವರೆಲ್ಲ ಹೊಗಳಿದರು. ಆದರೆ ರಾತ್ರಿ ಕಮಲಾಪುರದ ಕಡೆ ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಎದುರಿನಿಂದ ಬರುವ ಲಾರಿಯವರೆಲ್ಲ ದೀಪ ಮಿನುಗಿಸಿ ಬೈಯತೊಡಗಿದರು. ದೀಪ ತಗ್ಗಿಸಿದರೂ ಬೆಳಕು ನೇರವಾಗಿ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಕೊಂಡವನಿಗೆ ಅದರ ತೊಂದರೆಯಿಲ್ಲ; ಎದುರು ಬರುವ ಬೈಕಿನವನ ಪ್ರಾಣಕ್ಕೆ ತೊಂದರೆ. ಮಿಸ್ತ್ರಿ ನೋಡಿ ಹೇಳಿದ್ದು ಒಂದೇ ಮಾತು: “ತಮ್ಮಾ, ಇದು ಬಲಗಡೀ ಹೋಗೋ ಮಂದೀದದ. ನಮ್ಮ ರೋಡಿಗಿ ನಡೆಯಂಗಿಲ್ಲ.” ಅದನ್ನು ಹಿಂದಿರುಗಿಸುವ ಕೂಲಿ ದೀಪದ ಬೆಲೆಗೆ ಸಮೀಪವಾದ್ದರಿಂದ ಅವು ಅಟ್ಟ ಸೇರಿದವು.

ಎರಡನೆಯದು ಲೆಕ್ಕದ ಮಾತು. ಪರದೆಯ ಮೇಲೆ ಕಾಣುವ ಬೆಲೆ ಮನೆ ಸೇರುವ ಬೆಲೆಯಲ್ಲ. ಸುಂಕದವರು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಅದಕ್ಕೆ ಸಾಗಣೆಯ ಕೂಲಿಯನ್ನೂ ವಿಮೆಯನ್ನೂ ಸೇರಿಸಿ, ಆ ಮೊತ್ತದ ಮೇಲೆ ಸುಂಕ ಕಟ್ಟುತ್ತಾರೆ. ಹೀಗೆ ಬಂದ ಒಟ್ಟು ಮೊತ್ತದ ಮೇಲೆ ಜಿ.ಎಸ್.ಟಿ. ಬೀಳುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ವಸ್ತುವಿಗೆ 4,000 ರೂಪಾಯಿ, ಸಾಗಣೆ ಮತ್ತು ವಿಮೆಗೆ 2,500. ಒಟ್ಟು 6,500. ಸುಂಕವನ್ನು ಲೆಕ್ಕದ ಅನುಕೂಲಕ್ಕಾಗಿ ನೂರಕ್ಕೆ 20 ಎಂದಿಟ್ಟುಕೊಂಡರೆ 1,300 ಸೇರಿ 7,800 ಆಯಿತು. ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. 1,404. ಒಟ್ಟು 9,204 ರೂಪಾಯಿ. ಕೊರಿಯರಿನವರು ಸುಂಕದ ಕಾಗದಪತ್ರಗಳಿಗೆಂದು ಬೇರೆ ಶುಲ್ಕ ಕೇಳುವುದೂ ಉಂಟು. ಸುಂಕದ ದರ ವಸ್ತುವಿಗೆ ತಕ್ಕಂತೆ, ತರಿಸುವ ಬಗೆಗೆ ತಕ್ಕಂತೆ ಬೇರೆಯಾಗುತ್ತದೆ. ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಆದರೆ ನಾಲ್ಕು ಸಾವಿರದ ವಸ್ತು ಒಂಬತ್ತು ಸಾವಿರ ದಾಟುವ ಬಗೆ ಇದು. ಇತ್ತ ಊರಿನಲ್ಲಿ ಅನೇಕ ಬಿಡಿಭಾಗಗಳ ಮೇಲೆ ನೂರಕ್ಕೆ 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಹಳೆಯ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡವರು ಹೊಸದಾಗಿ ಬೆಲೆ ಕೇಳುವುದು ಮೇಲು.

ಮಗನೋ ಅಳಿಯನೋ ಅಮೆರಿಕದಲ್ಲಿದ್ದಾನೆ, ಕಾಣಿಕೆಯೆಂದು ಬರೆದು ಅಂಚೆಯಲ್ಲಿ ಕಳುಹಿಸಿದರೆ ಸುಂಕವಿಲ್ಲವಲ್ಲ ಎನ್ನುವವರಿದ್ದಾರೆ. ಆ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲಿಯೇ ತೆಗೆದುಹಾಕಿದ್ದಾರೆ. ರಾಖಿ ಮತ್ತು ಪ್ರಾಣರಕ್ಷಕ ಔಷಧಗಳಿಗೆ ಮಾತ್ರ ಅದು ಉಳಿಯಿತು. ಕ್ಲಚ್ ಪ್ಲೇಟನ್ನು ರಾಖಿಯೆಂದು ಸಾಧಿಸುವುದು ಯಾವ ವಕೀಲರಿಗೂ ಸಾಧ್ಯವಿಲ್ಲ.

ಮೂರನೆಯದು ಕಾಲ. ಮನೆಯ ಮುಂದೆ ನಿಂತ ಕಾರು ಮೂರು ವಾರ ಕಾದೀತು. ಆದರೆ ದಿನದ ದುಡಿಮೆಯ ಗಾಡಿ ಕಾಯಲಾರದು. ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಪೇಟೆಗೆ ಸಾಗಿಸುವ ಟೆಂಪೊ ನಿಂತರೆ ಗೊನೆ ಹಣ್ಣಾಗುವುದನ್ನು ನಿಲ್ಲಿಸುವುದಿಲ್ಲ. ಬೇರಿಂಗಿನಲ್ಲಿ ಉಳಿದ ಆರು ನೂರು ರೂಪಾಯಿ ಬಾಡಿಗೆಯಲ್ಲಿ ಆರು ಸಾವಿರವಾಗಿ ಹೋಗುತ್ತದೆ. ಇಂಥವನಿಗೆ ಊರಂಗಡಿಯೇ ಅನ್ನದಾತ. ಅಂಗಡಿಯಲ್ಲಿಲ್ಲದ ಭಾಗಕ್ಕೆ ಬೆಳಿಗ್ಗೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಫೋನು ಮಾಡಿದರೆ ಸಂಜೆಯ ಬಸ್ಸಿನಲ್ಲಿ ಪಾರ್ಸಲು ಬಂದಿಳಿಯುತ್ತದೆ. ಸೊಲ್ಲಾಪುರ ನಮಗೆ ಸುಮಾರು 110 ಕಿಲೋಮೀಟರು, ಹೈದರಾಬಾದು ಸುಮಾರು 220. ಕನ್ನಡ, ಉರ್ದು, ಮರಾಠಿ, ತೆಲುಗುಗಳಲ್ಲಿ ನಡೆಯುವ ಈ ಫೋನಿನ ವ್ಯವಹಾರಕ್ಕೆ ಯಾವ ಜಾಹೀರಾತೂ ಇಲ್ಲ. ಆದರೆ ನಮ್ಮ ಭಾಗದ ಗಾಡಿಗಳು ಉರುಳುತ್ತಿರುವುದು ಅದರಿಂದಲೇ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಪ್ರಾಣದ ಮಾತು. ಕನ್ನಡಿಯ ಚೌಕಟ್ಟು ಕಳಪೆಯಾದರೆ ಅಂದ ಕೆಟ್ಟೀತು, ಅಷ್ಟೆ. ಬ್ರೇಕಿನ ಪ್ಯಾಡು ಕಳಪೆಯಾದರೆ ಮನೆ ಕೆಟ್ಟೀತು. ನಕಲಿ ಪ್ಯಾಡು ನೋಡಲಿಕ್ಕೆ ಅಸಲಿನ ಅವಳಿಯಂತೆಯೇ ಇರುತ್ತದೆ. ತಣ್ಣಗಿರುವಾಗ ಹಿಡಿಯುತ್ತದೆ ಕೂಡ. ಕಾದಾಗ ಅದರ ನಿಜಸ್ಥಿತಿ ಹೊರಬೀಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ತುಂಬಿದ ಗಾಡಿ ಇಳಿಜಾರಿನಲ್ಲಿರುವಾಗ ಆ ಪರೀಕ್ಷೆ ನಡೆಯುವುದು ಬೇಡ. ಏರ್‌ಬ್ಯಾಗು ಇನ್ನೂ ಸೂಕ್ಷ್ಮ. ಅದರೊಳಗೆ ಕ್ಷಣಮಾತ್ರದಲ್ಲಿ ಚೀಲವನ್ನು ಉಬ್ಬಿಸುವ ಸ್ಫೋಟಕವಿರುತ್ತದೆ. ಜಪಾನಿನ ತಕಾಟಾ ಕಂಪೆನಿಯ ಏರ್‌ಬ್ಯಾಗುಗಳಲ್ಲಿ ಆ ದ್ರವ್ಯ ಬಿಸಿಲು ಮತ್ತು ತೇವದಿಂದ ವರ್ಷಾನುಗಟ್ಟಲೆ ಕೆಟ್ಟು, ಒಡೆದಾಗ ಲೋಹದ ಚೂರುಗಳನ್ನು ಎರಚುತ್ತದೆಂದು ತಿಳಿದುಬಂದು, ಲೋಕದಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2017ರಲ್ಲಿ ಆ ಕಂಪೆನಿ ದಿವಾಳಿಯೆದ್ದಿತು. ಪರದೇಶದ ಗುಜರಿಯಿಂದ ಹಳೆಯ ಏರ್‌ಬ್ಯಾಗನ್ನು ಅಗ್ಗಕ್ಕೆ ತರಿಸುವವನು ತಾನು ಏನನ್ನು ಎದೆಯ ಮುಂದೆ ಕಟ್ಟಿಕೊಳ್ಳುತ್ತಿದ್ದೇನೆಂಬುದನ್ನು ಯೋಚಿಸಬೇಕು. ಟೈರಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿರುವುದೂ ಇಂಥ ಕಾರಣಕ್ಕಾಗಿಯೇ.

ಇಷ್ಟು ಹೇಳಿದ ಮಾತ್ರಕ್ಕೆ ಊರಂಗಡಿಯೆಲ್ಲ ಸತ್ಯಹರಿಶ್ಚಂದ್ರನ ಅಂಗಡಿಯೆಂದು ತಿಳಿಯಬಾರದು. ಅಲ್ಲಿಯೂ ‘ಕಂಪನಿ ಮಾಲು’ ಎಂದು ಡೂಪ್ಲಿಕೇಟು ಕೊಡುವವರಿದ್ದಾರೆ. ಕೆಲವು ಕಡೆ ಸಾಮಾನಿನ ಬೆಲೆಯೊಳಗೆ ಮಿಸ್ತ್ರಿಯ ಪಾಲೂ ಅಡಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ “ಬಿಲ್ ಬೇಕಾ, ಬ್ಯಾಡಾ?” ಎಂಬ ಪ್ರಶ್ನೆ. ಬಿಲ್ಲಿಲ್ಲದಿದ್ದರೆ ಸ್ವಲ್ಪ ಕಡಿಮೆ ಎಂದೊಡನೆ ನಾವೂ ಒಪ್ಪಿಬಿಡುತ್ತೇವೆ. ಬಿಲ್ಲು ಬಿಟ್ಟವನು ತೆರಿಗೆಯನ್ನು ಮಾತ್ರ ಉಳಿಸಲಿಲ್ಲ. ನಾಳೆ ಕೇಳುವ ಹಕ್ಕನ್ನೇ ಮಾರಿಕೊಂಡ. ಬಿಲ್ಲಿಲ್ಲದ ಊರಂಗಡಿಯೂ ಹೆಸರಿಲ್ಲದ ಪರದೇಶದ ಅಂಗಡಿಯೂ ಒಂದೇ. ಇಬ್ಬರೂ ನಾಳೆ ನಮಗೆ ಸಿಗುವವರಲ್ಲ.

ಇದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಬಿಡಿಭಾಗ ಕೊಳ್ಳುವಾಗ ನಾವು ಎರಡು ವಸ್ತುಗಳನ್ನು ಕೊಳ್ಳುತ್ತೇವೆ: ಒಂದು ಲೋಹ ಅಥವಾ ರಬ್ಬರಿನ ತುಂಡು, ಇನ್ನೊಂದು ಕೊಟ್ಟವನ ಹೊಣೆ. ಬೆಲೆಯ ಪಟ್ಟಿಯಲ್ಲಿ ತುಂಡಿನ ಬೆಲೆ ಮಾತ್ರ ಕಾಣುತ್ತದೆ. ವಕೀಲರು ಒಮ್ಮೆ ಸವೆದ ಬ್ರೇಕಿನ ಸಿಲಿಂಡರನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಾಗ, ಅಂಗಡಿಯವನು ಅದನ್ನು ತಿರುವಿ ಮುರುವಿ ನೋಡಿ, “ವಕೀಲ್ರ, ಇದು ನಿಮ್ಮ ಗಾಡೀದಲ್ರಿ. ಯಾರೋ ಬ್ಯಾರೆ ಗಾಡೀದು ತಂದು ಕೂಡಿಸ್ಯಾರ. ಅದಕ್ಕೇ ಹಿಂಗ ಸವದದ,” ಎಂದನಂತೆ. ಹಳೆಯದರಂಥದ್ದೇ ಬೇಕೆಂದು ದೂರದ ಅಂಗಡಿಗೆ ಬರೆದಿದ್ದರೆ ಹಳೆಯ ತಪ್ಪೇ ಹೊಸದಾಗಿ ಬರುತ್ತಿತ್ತು. ಕೈಯಲ್ಲಿ ಹಿಡಿದು ನೋಡಿ, ಬೇಡವೆಂದು ಹೇಳುವ ಈ ವಿವೇಕ ಸರಕಿನೊಡನೆ ಉಚಿತವಾಗಿ ಸಿಗುವ ವಸ್ತು.

ಹಾಗಾದರೆ ನಡೆಯಬೇಕಾದ ಕ್ರಮವೇನು? ಬ್ರೇಕು, ಸ್ಟಿಯರಿಂಗು, ಟೈರು, ಏರ್‌ಬ್ಯಾಗು ಇವುಗಳನ್ನು ಬಿಲ್ಲು ಕೊಡುವ, ಗುರುತಿರುವ, ಹತ್ತಿರದ ಅಂಗಡಿಯಲ್ಲಿ ಅಥವಾ ಕಂಪೆನಿಯ ಅಧಿಕೃತ ಮಳಿಗೆಯಲ್ಲಿ ಮಾತ್ರ ಕೊಳ್ಳಿ. ಫಿಲ್ಟರು, ಬೆಲ್ಟು, ಪ್ಲಗ್ಗು, ವೈಪರು ಇವೆಲ್ಲ ಪದೇ ಪದೇ ಬೇಕಾಗುವ ಸಾಮಾನುಗಳು. ಇವಕ್ಕೆ ಕಾರಿನ ಕಂಪೆನಿಯ ಪೆಟ್ಟಿಗೆಯೇ ಬೇಕೆಂದಿಲ್ಲ. ಆ ಕಂಪೆನಿಗೆ ಭಾಗ ಒದಗಿಸುವ ಕಾರ್ಖಾನೆಯವರು ತಮ್ಮದೇ ಪೆಟ್ಟಿಗೆಯಲ್ಲಿ ಮಾರುವುದು ಎಷ್ಟೋ ಸಲ ಅಗ್ಗವಾಗಿರುತ್ತದೆ, ಗುಣದಲ್ಲಿ ಕಡಿಮೆಯಿರುವುದಿಲ್ಲ. ಅದನ್ನು ಊರಂಗಡಿಯಲ್ಲಿಯೇ ಕೇಳಿ. ನಿಂತುಹೋದ ಮಾದರಿಯ ರಬ್ಬರು, ಲಾಂಛನ, ಹಿಡಿಕೆ, ಅಲಂಕಾರದ ಪಟ್ಟಿ ಇಂಥವಕ್ಕೆ ಪರದೇಶದ ಬಾಗಿಲು ತಟ್ಟಬಹುದು. ತಟ್ಟುವ ಮುನ್ನ ಜೋಡಿಸುವ ಮಿಸ್ತ್ರಿಗೆ ಚಿತ್ರ ತೋರಿಸಿ. ಚಾಸಿ ಸಂಖ್ಯೆ, ಎಡಬಲಗಳನ್ನು ತಾಳೆ ನೋಡಿ. ಕೂಲಿ ಮತ್ತು ಸುಂಕಗಳನ್ನು ಕೂಡಿಸಿ. ಸರಿಯಾಗದಿದ್ದರೆ ಹಿಂದಿರುಗಿಸುವ ವೆಚ್ಚ ಯಾರದೆಂಬುದನ್ನು ಓದಿ.

ಕಾನೂನಿನ ಬೆಂಬಲವನ್ನೂ ತಿಳಿದಿರಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಸರಕನ್ನು ಎಲ್ಲಿಂದ ತರಿಸಿದರೂ ಗ್ರಾಹಕನು ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಸಲಹೆ ಬೇಕಾದವರಿಗೆ 1915 ಎಂಬ ಸಹಾಯವಾಣಿ ಇದೆ. ಆದರೆ ಆಜ್ಞೆ ಹೊರಡಿಸುವುದು ಬೇರೆ, ಏಳು ಸಮುದ್ರದಾಚೆ ಒಂದು ಗೋದಾಮಿನಲ್ಲಿ ಕುಳಿತವನಿಂದ ಹಣ ವಸೂಲು ಮಾಡುವುದು ಬೇರೆ. ಬಿಲ್ಲು ಕೊಟ್ಟ ಊರಿನ ಅಂಗಡಿಯವನು ಮಾತ್ರ ಆಯೋಗದ ನೋಟೀಸು ಬರುವ ಮೊದಲೇ ಗಿರಾಕಿಯ ಮುಖ ನೋಡಬೇಕಾಗುತ್ತದೆ.

ಅಂಗಡಿಯವರಿಗೂ ಎರಡು ಮಾತು. ಗಿರಾಕಿಯ ಕೈಯಲ್ಲಿ ಈಗ ಲೋಕದ ಬೆಲೆಪಟ್ಟಿ ಇದೆ. ಅವನೊಡನೆ ಜಗಳವಾಡಿ ಗೆಲ್ಲಲಾಗದು. ಸಂಖ್ಯೆ ನೋಡಿ ಕೊಡುವುದು, ಕೇಳದಿದ್ದರೂ ಬಿಲ್ಲು ಬರೆಯುವುದು, ಕೂಡದ ಸಾಮಾನನ್ನು ಗೊಣಗದೆ ಹಿಂದಕ್ಕೆ ತೆಗೆದುಕೊಳ್ಳುವುದು, ಇವುಗಳಿಂದ ಗೆಲ್ಲಬಹುದು. ಗಿರಾಕಿಗಳಾದ ನಾವೂ ಒಂದು ವಿಚಾರ ಮಾಡಬೇಕು. ಸುಲಭದ ಸಾಮಾನನ್ನೆಲ್ಲ ದೂರದಿಂದ ತರಿಸಿ, ಗಾಡಿ ರಸ್ತೆಯಲ್ಲಿ ನಿಂತ ರಾತ್ರಿ ಮಾತ್ರ ಊರಂಗಡಿಯ ಬಾಗಿಲು ಬಡಿದರೆ, ಒಂದು ದಿನ ಆ ಬಾಗಿಲೇ ಇರುವುದಿಲ್ಲ. ಅಂಗಡಿ ಮುಚ್ಚಿದರೆ ಅದರ ಮಗ್ಗುಲಿನ ಖರಾದೂ ಮುಚ್ಚುತ್ತದೆ. ಖರಾದು ಮುಚ್ಚಿದರೆ ಅದರಲ್ಲಿ ಕೈ ಪಳಗಿಸಿಕೊಂಡ ಹುಡುಗ ಪುಣೆಯ ಬಸ್ಸು ಹತ್ತುತ್ತಾನೆ. ಬಾಯಾರಿದಾಗ ಬಾವಿ ತೋಡಿದಂತೆ ಎಂದು ಗಾದೆಯಿದೆ. ನಮ್ಮಲ್ಲಿ ಹಿರಿಯರು ತೋಡಿದ ಬಾವಿ ಇದೆ. ಅದನ್ನು ಹೂಳು ತುಂಬಲು ಬಿಡದಿದ್ದರೆ ಸಾಕು.

ನಾಳೆ ನಿಮ್ಮ ಗಾಡಿಗೆ ಏನಾದರೂ ಬೇಕಾದಾಗ ಬೆಲೆಯನ್ನು ಕೇಳಿ, ತಪ್ಪಲ್ಲ. ಅದರೊಡನೆ, ಈ ಸಾಮಾನು ಕೆಟ್ಟರೆ ನನ್ನೆದುರು ನಿಂತು ಉತ್ತರ ಹೇಳುವವರು ಯಾರು ಎಂದೂ ಕೇಳಿಕೊಳ್ಳಿ. ಆ ಉತ್ತರ ಸಿಕ್ಕ ಕಡೆ ಹಣ ಕೊಡಿ. ಬಿಲ್ಲನ್ನು ಗಾಡಿಯ ಕಾಗದಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಿ.